ಮುಂಬ್ರಾದ ಡಿಸ್ಕಿನ ಮುಂದೆ ಯಶೋದಕ್ಕ

ಎಂಟರ್ ಒತ್ತುವ ಮೊದಲು ಯಶೋದಕ್ಕ ಎರಡೂ ಕೈಗಳನ್ನು ಕೀಬೋರ್ಡಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡು, ತಾವು ಬರೆದ ಸಾಲನ್ನು ತುಳುವಿನಲ್ಲಿ ತಮಗೇ ವಿವರಿಸಿಕೊಳ್ಳುತ್ತಿದ್ದರು. ಯಾವಾಗಲೂ ಹಾಗೆ ಮಾಡುತ್ತಿದ್ದರೋ, ಒಂದೇ ಸಲ ಕಂಡದ್ದನ್ನು ನಾನು ವರ್ಷಗಳಿಗೆ ಹರಡಿಕೊಂಡಿದ್ದೇನೋ, ಹೇಳಲಾರೆ.

ನೆರೂಳದ ನಮ್ಮ ಕಚೇರಿ ರಕ್ತನಿಧಿಗಳ ಡೇಟಾಬೇಸ್ ನೋಡಿಕೊಳ್ಳುತ್ತಿತ್ತು. ಉಡುಪಿ ಕಡೆಯ ಯಶೋದಕ್ಕ ಡೊಂಬಿವಲಿಯಿಂದ ಬರುತ್ತಿದ್ದರು. ನನಗೆ ಕೆಲಸ ಕಲಿಸಿದವರು ಅವರೇ. ಕಲ್ಯಾಣದ ರಕ್ತನಿಧಿಯಲ್ಲಿ ಡಿಸ್ಕ್ ತುಂಬಿದಾಗ ಇಡೀ ಡೇಟಾವನ್ನು ಹೊಸ ಡಿಸ್ಕಿಗೆ ಸಾಗಿಸಿ, ಹಳೆಯ ಜಾಗದಲ್ಲಿ ಅತ್ತ ತೋರಿಸುವ ಒಂದು ಲಿಂಕ್ ಇಟ್ಟರು. ಡೇಟಾಬೇಸ್ ಎಂದಿನ ಬಾಗಿಲಿಗೇ ಬಂದು, ತನಗೇ ಗೊತ್ತಾಗದೆ ಬೇರೆ ಮನೆ ಹೊಗುತ್ತಿತ್ತು. ಅಲ್ಲಿಯ ಕಂಪ್ಯೂಟರ್ ನಡೆಯುತ್ತಿದ್ದದ್ದು ಲಿನಕ್ಸಿನಲ್ಲಿ. ಮುಂಬ್ರಾದಲ್ಲಿದ್ದದ್ದು ವಿಂಡೋಸ್ ಎಕ್ಸ್‌ಪಿ. ಅಲ್ಲೂ ಹಾಗೆಯೇ ಮಾಡಿದರು.

ಅಂದು ನಮ್ಮ ಜೊತೆ ಮ್ಯಾನೇಜರ್ ಪಾಟೀಲ ಸರ್ ಇದ್ದರು, ಧಾರವಾಡದವರು. ಕೌಂಟರಿನಲ್ಲಿ ಒಬ್ಬಾತ ಹೆಂಡತಿಯ ಹೆರಿಗೆಗೆ ಓ ನೆಗೆಟಿವ್ ರಕ್ತ ಬೇಕೆಂದು ಕಾಯುತ್ತಿದ್ದ. ದಾನಿಗಳ ಹೆಸರು, ನಂಬರುಗಳೆಲ್ಲ ಆ ಡೇಟಾದಲ್ಲೇ ಇದ್ದವು. ಡಿಸ್ಕ್ ತುಂಬಿ ಬ್ಯಾಕಪ್ಪೂ ನಿಂತಿತ್ತು, ಬೇರೆ ಪ್ರತಿ ಇರಲಿಲ್ಲ. ಹಳೆಯ ಡಿಸ್ಕಿನಲ್ಲಿ ಇನ್ನೂ ಅದೇ ಫೋಲ್ಡರ್ ಕಂಡು ಸರ್ ಮೌಸ್ ಹಿಡಿದರು.

“ಹಳೇ ಕಾಪಿ ಯಾಕ ಇಟ್ಟೀರಿ? ತೆಗದ ಬಿಡೂಣು.”

“ಕೈ ತೆಗೀರಿ ಸರ್. ಅದು ಕಾಪಿ ಅಲ್ಲ, ಲಿಂಕು.”

“ಲಿಂಕ್ ಹೋದ್ರ ಏನಾತು? ಕಲ್ಯಾಣದಾಗ ನೀವ ಒಂದು ಬ್ಯಾಡಾದ ಲಿಂಕ್ ತೆಗದ್ರಿ, ಏನೂ ಆಗ್ಲಿಲ್ಲ.”

ಯಶೋದಕ್ಕ ಒಂದು ಹೊಸ ಫೋಲ್ಡರಿಗೆ ಬೇಡದ ಫೈಲುಗಳನ್ನು ತುಂಬಿ, ಅದಕ್ಕೊಂದು ಲಿಂಕ್ ಮಾಡಿ, ಆ ಲಿಂಕನ್ನಷ್ಟೇ ಸರ್ ಎದುರಿಗೇ ಅಳಿಸಿದರು. ಮೂಲ ಫೋಲ್ಡರ್ ತೆರೆದರೆ ಅದೂ ಬರಿದಾಗಿತ್ತು.

“ಅಲ್ಲಿ ಲಿನಕ್ಸು, ಬಾಗಿಲು ಮಾತ್ರ ಹೋಗ್ತದೆ. ಇದರಲ್ಲಿ ಬಾಗಿಲು ಕಿತ್ರೆ ಒಳಗಿದ್ದದ್ದೂ ಹೋಗ್ತದೆ ಮಾರಾಯ್ರೆ.”

ಸರ್ ಮತ್ತೆ ಮೌಸ್ ಮುಟ್ಟಲಿಲ್ಲ. ಅಳಿಸು ಎಂದರೆ ಎಲ್ಲ ಯಂತ್ರಗಳಿಗೂ ಒಂದೇ ಅರ್ಥವೆಂದು ನಾನೂ ನಂಬಿದ್ದೆ. ಯಾವ ಯಂತ್ರ ಆ ಮಾತನ್ನು ಹೇಗೆ ಕೇಳಿಸಿಕೊಳ್ಳುತ್ತದೆಂದು ತಿಳಿದವರು ನನ್ನ ಪಕ್ಕದಲ್ಲೇ ದಿನವೂ ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದರು.

ಡೇಟಾಬೇಸ್ ಶುರುವಾಯಿತು. ಯಶೋದಕ್ಕ ಪಕ್ಕದೂರು ದಿವಾದ ದಾನಿಯೊಬ್ಬರ ನಂಬರ್ ಓದಿ ಹೇಳಿದರು; ಕೌಂಟರಿನಲ್ಲಿ ಕಾಯುತ್ತಿದ್ದವನು ಓಡಿದ.

ಮುಂದೆ ಅವರು ಕೆಲಸ ಬಿಟ್ಟರು. ಯಾವ ವರ್ಷ, ಏಕೆ ಎಂದು ಕೇಳಿದರೆ ನನ್ನ ಬಳಿ ಎರಡು ಮೂರು ಉತ್ತರಗಳಿವೆ, ಒಂದನ್ನೂ ನಂಬುವುದಿಲ್ಲ. ಆಮೇಲೊಮ್ಮೆ ಮುಂಬ್ರಾಕ್ಕೆ ಒಬ್ಬನೇ ಹೋದಾಗ ಅದೇ ಮನುಷ್ಯ ರಕ್ತ ಕೊಡಲು ಬಂದಿದ್ದ, ಹೆಗಲ ಮೇಲೆ ಮಗಳು. ಅಂದು ಫೋನ್ ನಂಬರ್ ಹುಡುಕಿಕೊಟ್ಟ ಮೇಡಂ ಬಂದಿಲ್ಲವೇ ಎಂದು ಹಿಂದಿಯಲ್ಲಿ ಕೇಳಿದ. ಅವರು ಮಾಡಿದ್ದು ಅಷ್ಟೇ ಅಲ್ಲವೆಂದು ಹೇಳಲು ಹೊರಟೆ. ಎಲ್ಲಿಂದ ಶುರುಮಾಡಬೇಕೋ ತಿಳಿಯಲಿಲ್ಲ. ಈಗ ಇಲ್ಲಿಲ್ಲ ಎಂದೆ.

ಅವನು ಮಗಳ ಪುಟ್ಟ ಕೈಯೆತ್ತಿ ನನಗೆ ಸಲಾಂ ಮಾಡಿಸಿದ.