ಕರೆಂಟಿನ ಪೆಟ್ಟಿಗೆಯಲ್ಲಿ ಕುಳ್ಳಿನ ಹೊಗೆ

ಆ ಪೆಟ್ಟಿಗೆಯಿಂದ ಶಾಕ್ ಹೊಡೆಯಬಹುದಿತ್ತು. ಹೊಗೆ ಒಳಗೇ ಕಟ್ಟಿಕೊಂಡು ಬಾಗಿಲು ಸಿಡಿಯಬಹುದಿತ್ತು. ನಮ್ಮ ಬಾಡಿಗೆ ಮನೆಯ ಹಳೇ ವೈರಿಂಗು ಅದರ ಭಾರ ತಡೆಯದೆ, ಕೆಳಗಿರುವ ಮಾಲೀಕರ ಫ್ರಿಜ್ಜನ್ನೂ ಜೊತೆಗೆ ಕರೆದುಕೊಂಡು ಹೋಗಬಹುದಿತ್ತು. ತಾರಸಿಯಲ್ಲಿ ಒಣಗುತ್ತಿದ್ದ ಅವರ ಅಡಿಕೆಗೆ ವಾಸನೆ ಹತ್ತಿ, ಮಂಡಿಯಲ್ಲಿ ಅದನ್ನು ಮೂಸಿದವರು ಮುಖ ತಿರುಗಿಸಬಹುದಿತ್ತು. ಪೆಟ್ಟಿಗೆ ನಕಲಿಯಾಗಿರಬಹುದಿತ್ತು. ಅಸಲಿಯೇ ಆಗಿದ್ದರೂ ಯಾರೋ ಒಮ್ಮೆ ಬಳಸಿ ಹಿಂದಿರುಗಿಸಿದ್ದನ್ನು ಒರೆಸಿ ನನಗೆ ಕಳಿಸಿರಬಹುದಿತ್ತು. ಅವರು ಅದರಲ್ಲಿ ಏನೇನು ಬೇಯಿಸಿದ್ದರೋ. ಕಟ್ಟಿಗೆಯ ಚೂರಿನಲ್ಲಿ ಪ್ಲೈವುಡ್ ಬೆರೆತಿರಬಹುದಿತ್ತು. ಹಾಲು ಒಡೆಯಬಹುದಿತ್ತು. ಒಡೆಯದ ಹಾಲು ಹೆಪ್ಪುಗಟ್ಟದೆ ಇರಬಹುದಿತ್ತು. ಹೆಪ್ಪುಗಟ್ಟಿದರೂ ನಮ್ಮ ಅತ್ತೆ ಒಂದು ತುತ್ತು ಬಾಯಿಗಿಟ್ಟು ತಟ್ಟೆಯನ್ನು ಪಕ್ಕಕ್ಕೆ ಸರಿಸಬಹುದಿತ್ತು.

ಇದನ್ನೆಲ್ಲ ಒಂದು ಹಾಳೆಯ ಮೇಲೆ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ಹೆಂಡತಿ ಮೇಲಿಂದ ಕೆಳಗೆ ಓದಿ, "ಭೂಕಂಪ ಬಿಟ್ಟೀರಲ್ಲ," ಅಂದಳು.

ಚನ್ನಗಿರಿಯಲ್ಲಿ ಅದರ ಸಾಧ್ಯತೆ ಕಡಿಮೆ ಎಂದು ಹೇಳಿದೆ. ನಾನು ಅದನ್ನೂ ಆಗಲೇ ವಿಚಾರಿಸಿಕೊಂಡಿದ್ದೇನೆಂದು ಅವಳಿಗೆ ಗೊತ್ತಾಯಿತು.

ಅತ್ತೆ ಜಗಳೂರು ಕಡೆಯ ಸೊಕ್ಕೆಯವರು. ಮಳೆಗಾಲದಲ್ಲಿ ಬಂದ ಜ್ವರ ಅವರನ್ನು ಹದಿನೈದು ದಿನ ಮಲಗಿಸಿತ್ತು. ನಾವು ಚನ್ನಗಿರಿಗೆ ಕರೆತಂದೆವು. ಜ್ವರ ಹೋಯಿತು, ಬಾಯಿರುಚಿ ವಾಪಸು ಬರಲಿಲ್ಲ. ಮೂಗಿಗೂ ಏನೂ ಗೊತ್ತಾಗುವುದಿಲ್ಲ ಎನ್ನುತ್ತಿದ್ದರು. ಡಾಕ್ಟರು ರಕ್ತ ನೋಡಿದರು, ಎದೆ ನೋಡಿದರು, ಎಲ್ಲ ಸರಿಯಾಗಿದೆ, ಹೊಟ್ಟೆಗೆ ತಿನ್ನಬೇಕಷ್ಟೆ ಎಂದರು. ಆ "ಅಷ್ಟೆ" ಎಂಬುದೇ ಆಗುತ್ತಿರಲಿಲ್ಲ. ಮೂರು ತಿಂಗಳಲ್ಲಿ ನನ್ನ ಹೆಂಡತಿ ಅವ್ವನ ಕುಪ್ಪಸಗಳಿಗೆ ಎರಡು ಸಲ ಹೊಲಿಗೆ ಹಿಡಿದಿದ್ದಳು. ಮೂರನೇ ಸಲ ಅವಳು ಸೂಜಿಗೆ ದಾರ ಪೋಣಿಸುವಾಗ ನಾನು ಪೇಪರ್ ಓದುವವನಂತೆ ನಟಿಸಿದೆ.

"ಏನು ತಿನ್ನಬೇಕು ಅನ್ನಿಸ್ತದೆ ಹೇಳವ್ವ," ಎಂದು ಅವಳು ದಿನಕ್ಕೊಮ್ಮೆ ಕೇಳುತ್ತಿದ್ದಳು.

ಒಂದು ದಿನ ಉತ್ತರ ಬಂತು. "ಮೊಸರು."

"ದಿನಾ ಹಾಕ್ತೀನಲ್ಲ."

"ಅದು ಮೊಸರೇನೇ? ಬೆಳ್ಳಗೆ ಐತೆ, ಅಷ್ಟೇ."

ಅವರು ಕೇಳಿದ್ದು ಸೊಕ್ಕೆಯ ಮೊಸರು. ಅಲ್ಲಿ ಬೆಳಗ್ಗೆ ಕರೆದ ಹಾಲನ್ನು ಮಣ್ಣಿನ ಗಡಿಗೆಯಲ್ಲಿ ಹಾಕಿ ಕುಳ್ಳಿನ ಸಣ್ಣ ಉರಿಯ ಮೇಲೆ ಸಂಜೆಯವರೆಗೆ ಬಿಡುತ್ತಿದ್ದರಂತೆ. ಸಗಣಿ ತಟ್ಟಿ ಒಣಗಿಸಿದ ಕುಳ್ಳು ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಹಾಲು ಕೆಂಪಗಾಗಿ, ದಪ್ಪ ಕೆನೆ ಕಟ್ಟಿ, ಆ ಹೊಗೆಯನ್ನೆಲ್ಲ ಕುಡಿದು ಮೊಸರಾಗುತ್ತಿತ್ತು. ಈಗ ಅಲ್ಲೂ ಗ್ಯಾಸು. ಕುಳ್ಳು ಸ್ನಾನದ ನೀರಿಗೆ ಮಾತ್ರ.

ಒಲೆ ಹೂಡೋಣವೆಂದರೆ ನಮ್ಮದು ಮಾಳಿಗೆ ಮನೆ. ತಾರಸಿ ತುಂಬ ಮಾಲೀಕರ ಅಡಿಕೆ. "ಮ್ಯಾಲೆ ಒಂದು ಕಡ್ಡೀನೂ ಗೀರಬ್ಯಾಡ್ರಿ," ಎಂದು ಅವರು ಬಾಡಿಗೆಗೆ ಬಂದ ದಿನವೇ ಹೇಳಿದ್ದರು. ಬೆಂಕಿಯಿಲ್ಲದೆ ಹೊಗೆ ಎಲ್ಲಿಂದ ತರುವುದು ಎಂದು ಫೋನಿನಲ್ಲಿ ಹುಡುಕಿದಾಗ ಕರೆಂಟಿನ ಸ್ಮೋಕರ್ ಕಂಡಿತು. ಚಿಕ್ಕ ಕಪಾಟಿನಂಥ ಪೆಟ್ಟಿಗೆ. ತಳದಲ್ಲಿ ಕಾಯುವ ಸುರುಳಿ, ಅದರ ಮೇಲೆ ಕಟ್ಟಿಗೆ ಚೂರಿನ ತಟ್ಟೆ, ನಡುವೆ ನೀರಿನ ಬೋಗುಣಿ, ಮೇಲೆ ಆಹಾರ ಇಡುವ ಜಾಲರಿ. ಜ್ವಾಲೆ ಇಲ್ಲ. ಚೂರು ಕಮರಿ ಹೊಗೆ ಬಿಡುತ್ತದೆ, ಅಷ್ಟೆ.

ನಾನು ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಇಪ್ಪತ್ತೈದು ವರ್ಷದಿಂದ ಕೆಲಸ ಮಾಡುವವನು. ಜ್ವಾಲೆ ಇಲ್ಲ, ಅಪಾಯ ಇಲ್ಲ ಎಂಬ ಮಾತು ಹೇಳಿ ಹುಬ್ಬು ಸುಟ್ಟುಕೊಂಡವರನ್ನು ನೋಡಿದ್ದೇನೆ. ಹಾಗಾಗಿ ಕೊಳ್ಳುವ ಮೊದಲು ಮೂರು ವಾರ ಓದಿದೆ. ಒಂದು ಸಣ್ಣ ಪಿಚಕಾರಿ ಥರದ್ದೂ ಸಿಗುತ್ತದೆ. ಪಾತ್ರೆ ಮುಚ್ಚಿ ಅದರೊಳಗೆ ಒಂದು ನಿಮಿಷ ಹೊಗೆ ಊದುವುದು. ಸಂಜೆತನಕ ಹೊಗೆ ಕುಡಿದ ಹಾಲಿಗೆ ಒಂದು ನಿಮಿಷದ್ದು ಯಾವ ಲೆಕ್ಕ ಎಂದು ಬಿಟ್ಟೆ. ಪೆಟ್ಟಿಗೆಯಾದರೆ ಶಾಖ ಕಡಿಮೆ ಇಡಲು ಬರಬೇಕು, ಗಾಳಿಗಂಡಿ ತೆರೆದು ಮುಚ್ಚಲು ಬರಬೇಕು, ಬಾಗಿಲ ಅಂಚಿನ ರಬ್ಬರು ಬಿಗಿಯಾಗಿರಬೇಕು, ಅರ್ಥಿಂಗ್ ಇರುವ ಮೂರು ಕಾಲಿನ ಪ್ಲಗ್ ಇರಬೇಕು. "ಅದ್ಭುತ, ಎಲ್ಲರೂ ಕೊಳ್ಳಿರಿ" ಎಂದು ಬರೆದವರೆಲ್ಲ ಒಂದೇ ವಾರದಲ್ಲಿ ಬರೆದದ್ದನ್ನು ಕಂಡು ಅವರನ್ನು ನಂಬಲಿಲ್ಲ. ಬೈದವರನ್ನೂ ನಂಬಲಿಲ್ಲ, ಅವರು ಬೇರೆ ಕಂಪನಿಯವರಿರಬಹುದು.

ಅಷ್ಟರಲ್ಲಿ ಹೊನ್ನಾಳಿಯಲ್ಲಿ ಮುಚ್ಚಿದ ಹೋಟೆಲಿನ ಹಳೇ ಪೆಟ್ಟಿಗೆಯೊಂದು ಮಾರಾಟಕ್ಕಿದೆ ಎಂದು ತಿಳಿಯಿತು. ಹೋಗಿ ನೋಡಿದೆ. ಹೊಸದರಂತೆಯೇ ಹೊಳೆಯುತ್ತಿತ್ತು. ಅದೇ ನನಗೆ ಅನುಮಾನ.

"ಇದರಲ್ಲಿ ಏನ್ ಮಾಡ್ತಿದ್ರಿ?" ಎಂದು ಕೇಳಿದೆ.

ಮಾರುವವರು ನನ್ನ ಹಣೆಯ ವಿಭೂತಿ ನೋಡಿದರು. "ಪನೀರು," ಅಂದರು.

"ಬರೇ ಪನೀರಾ?"

"ಜಾಸ್ತಿ ಪನೀರೇ ರೀ."

ಬಾಗಿಲ ರಬ್ಬರಿಗೆ ಮೂಗು ಹಚ್ಚಿ ನೋಡಿದೆ. ಹೊಳೆದಂಡೆಯ ಊರು, ಹೊಳೆಯಲ್ಲಿ ಪನೀರು ಈಜುತ್ತಿರಲಿಕ್ಕಿಲ್ಲ. ಕೊರಳಲ್ಲಿ ಲಿಂಗವಿರುವ ಅತ್ತೆಗೆ ಅದರಲ್ಲಿ ಹಾಲು ಕಾಯಿಸಿ ಕೊಡಲು ಮನಸ್ಸು ಬರಲಿಲ್ಲ. ಮನೆಗೆ ಬಂದು ಹೊಸದನ್ನೇ ತರಿಸಿದೆ.

ಹೊಸದು ಬಂದ ದಿನ ಅನುಮಾನ ನನ್ನಿಂದ ಉಳಿದವರಿಗೂ ಹರಡಿತು. ರಟ್ಟಿನ ಪೆಟ್ಟಿಗೆಯ ಮೇಲೆ ನಿಂಬೆಹೋಳು ಇಟ್ಟು ಮಲಗಿಸಿದ ಇಡೀ ಮೀನಿನ ಚಿತ್ರವಿತ್ತು. ತಂದವನು ಚಿತ್ರವನ್ನು ಬೀದಿಗೆ ತೋರಿಸಿಕೊಂಡೇ ಮೆಟ್ಟಿಲು ಹತ್ತಿದ. ನಾನು ಮೀನನ್ನು ಗೋಡೆಗೆ ತಿರುಗಿಸಿ ಇಟ್ಟೆ. ಈಚೆ ಬದಿಯಲ್ಲಿ ಕೋಳಿ ಇತ್ತು. ಕೊನೆಗೆ ಪೂರ್ತಿ ಪೇಪರು ಸುತ್ತಿದೆ; ಆಗ ಅದು ಇನ್ನೂ ಕಳ್ಳಮಾಲಿನಂತೆ ಕಂಡಿತು.

ಅತ್ತೆ ಹಾಸಿಗೆಯಿಂದಲೇ ಎಲ್ಲ ನೋಡಿದ್ದರು. "ಅಳಿಯಂದ್ರು ಏನೋ ಮುಚ್ಚಿಡ್ತಾ ಅವ್ರೆ," ಎಂದು ಮಗಳಿಗೆ ಹೇಳಿದರು. "ಕೇಳು. ಈ ವಯಸ್ಸಿನಾಗೆ ಗಂಡಸ್ರಿಗೆ ಒಂದೊಂದ್ ಹುಚ್ಚು ಹಿಡೀತದೆ."

"ನಿನಗೆ ಮೊಸರು ಮಾಡಾಕೆ ತಂದಾರೆ ಕಣವ್ವ."

"ಮೊಸರು ಮಾಡಾಕೆ ಮೀನ್ಯಾಕೆ?"

ಕಟ್ಟಿಗೆ ಚೂರಿಗೆ ನ್ಯಾಮತಿಗೆ ಹೋದೆ. ಸೂರಗೊಂಡನಕೊಪ್ಪದ ರಸ್ತೆಗೆ ಹೊರಳುವಲ್ಲಿ ಪರಿಚಯದ ಬಡಗಿಯೊಬ್ಬರಿದ್ದರು. ಬಣ್ಣ ಬಳಿದದ್ದು, ಔಷಧಿ ಹಾಕಿದ್ದು, ಅಂಟು ಹಾಕಿದ್ದು, ಬೇವಿನದು ಬೇಡ, ಮಾವಿನ ಮರದ್ದು ಮಾತ್ರ ಬೇಕು ಎಂದೆ. ಅವರು ಒಂದು ದಿಮ್ಮಿಯನ್ನು ಹೆರೆದು ಚೀಲಕ್ಕೆ ತುಂಬುವವರೆಗೆ ಪಕ್ಕದಲ್ಲೇ ನಿಂತೆ.

"ಯಾಗಕ್ಕೇನ್ರೀ ಇಷ್ಟು ಮಡಿ?" ಎಂದು ಕೇಳಿದರು.

"ಹಾಲಿಗೆ."

ಅವರು ಚೀಲ ಕೊಟ್ಟು ಸ್ವಲ್ಪ ಹಿಂದೆ ಸರಿದು ನಿಂತರು.

ಪುಸ್ತಿಕೆಯ ಪ್ರಕಾರ ಮೊದಲ ಸಲ ಪೆಟ್ಟಿಗೆಯನ್ನು ಖಾಲಿಯಾಗಿ ಮೂರು ಗಂಟೆ ಕಾಯಿಸಿ ಕಾರ್ಖಾನೆಯ ವಾಸನೆ ಸುಡಬೇಕು. ನಾನು ಎರಡು ದಿನ, ಎರಡು ಸಲ ಸುಟ್ಟೆ. ನಮ್ಮ ಮಾಳಿಗೆಯಲ್ಲೇ, ಹಿತ್ತಲ ಕಡೆಗಿರುವ ಬಟ್ಟೆ ಒಗೆಯುವ ಕಟ್ಟೆಯ ಮೇಲೆ, ಗೋಡೆಯಿಂದ ದೂರ, ಎಕ್ಸ್‌ಟೆನ್ಶನ್ ವೈರಿಲ್ಲದೆ ನೇರವಾಗಿ ಗೀಜರಿನ ಪ್ಲಗ್ಗಿಗೆ. ಪಕ್ಕದಲ್ಲಿ ಒಂದು ಬಕೆಟ್ ಮರಳು. ಕಾಲಿಗೆ ರಬ್ಬರ್ ಚಪ್ಪಲಿ. ಒಳಗೆ ನನ್ನದೇ ಥರ್ಮಾಮೀಟರು. ಪೆಟ್ಟಿಗೆಯ ಹಣೆಯ ಮೇಲೆ ತೊಂಬತ್ತು ಎಂದು ಕೆಂಪಕ್ಷರ ಹೊಳೆಯುವಾಗ ಒಳಗೆ ಎಂಬತ್ತೆರಡಿತ್ತು. ಅವತ್ತಿನಿಂದ ಅದು ತೋರಿಸಿದ್ದರಲ್ಲಿ ಎಂಟು ಕಳೆಯುತ್ತಾ ಬಂದೆ.

ಎರಡನೇ ದಿನ ಸಂಜೆ, ಹಾಲಿಡದೆಯೇ, ಮಾವಿನ ಚೂರು ಹಾಕಿ ನೋಡಿದೆ; ಅದು ಹೊಗೆಯಾಡತೊಡಗಿತು. ಗಾಳಿಗಂಡಿಯಿಂದ ನೀಲಿ ಎಳೆಯೊಂದು ಎದ್ದು ನೆಟ್ಟಗೆ ಮಾಲೀಕರ ಅಡಿಕೆಯ ಕಡೆಗೇ ಹೊರಟಿತು. ಮೆಟ್ಟಿಲ ಮೇಲೆ ಅವರ ಚಪ್ಪಲಿ ಸದ್ದು ಕೇಳಿತು. ನಾನು ಪೆಟ್ಟಿಗೆಯ ಮುಂದೆ ಅಡ್ಡ ನಿಂತೆ. ನನ್ನ ಹಿಂದಿನಿಂದ, ಎರಡೂ ಕಿವಿಗಳ ಪಕ್ಕದಿಂದ ಹೊಗೆ ಏಳುತ್ತಿತ್ತು.

ಮಾಲೀಕರು ಮೂಗೆಳೆದರು. "ಸೊಳ್ಳೆಗೆ ಅಡಿಕೆ ಸಿಪ್ಪೆ ಹಾಕೀರೇನ್ರೀ?"

"ಹ್ಞೂಂ," ಅಂದೆ.

ಕಡ್ಡಿಯನ್ನೂ ಗೀರಬೇಡಿ ಎಂದಿದ್ದ ಅವರೇ, "ಒಳ್ಳೇದು. ನಮ್ ಕಡೀಕೂ ಒಸಿ ತಿರುಗ್ಸಿರಿ," ಅಂದರು.

ಆಗ ಸುತ್ತ ನೋಡಿದೆ. ಎದುರು ಮನೆಯಂಗಳದಲ್ಲಿ ಹೊಗೆ. ಪಕ್ಕದ ಕೊಟ್ಟಿಗೆಯಲ್ಲಿ ಹೊಗೆ. ಸಿಪ್ಪೆ ಹೊತ್ತಿಸಿ ಇಡೀ ಬೀದಿ ಸಂಜೆಯ ಸೊಳ್ಳೆ ಓಡಿಸುತ್ತಿತ್ತು. ವರ್ಷವಿಡೀ ಹೊಗೆಯಲ್ಲೇ ಇರುವ ಊರಿನಲ್ಲಿ ನಾನು ಒಂದು ತಿಂಗಳಿಂದ ಹೊಗೆ ಅಡಗಿಸುವ ಯೋಚನೆಯಲ್ಲಿದ್ದೆ.

ಮರುದಿನ ಮೊದಲ ಪ್ರಯೋಗ. ಕತ್ತಲಗೆರೆಯಿಂದ ಬರುವ ಎಮ್ಮೆ ಹಾಲನ್ನು ಕಾಯಿಸಿ, ಅಗಲ ಬಾಯಿಯ ಪಾತ್ರೆಯಲ್ಲಿ ಹಾಕಿ ಎರಡು ಗಂಟೆ ಒಳಗಿಟ್ಟೆ. ಆಮೇಲೆ ಹೆಪ್ಪು. ಬೆಳಗ್ಗೆ ಅತ್ತೆ ಒಂದು ಚಮಚ ಬಾಯಿಗಿಟ್ಟರು. ತಟ್ಟೆ ಸರಿಸಿದರು. ಹಾಳೆಯ ಕೊನೆಯ ಸಾಲು ನಿಜವಾಯಿತೆಂದು ಗುರುತು ಹಾಕಲು ನಾನು ಪೆನ್ನು ಹುಡುಕುತ್ತಿದ್ದೆ.

"ಇದು ಮದುವಿ ಮನಿ ಹೊಗಿ," ಅಂದರು ಅತ್ತೆ. "ಮಾವಿನ ಕಟ್ಟಿಗಿ. ಮೊಸರಿಗೆ ಕುಳ್ಳಿಂದು ಬೇಕು."

ನನಗೆ ಸೋತದ್ದಷ್ಟೇ ಕೇಳಿಸಿತು. ಹೆಂಡತಿ ಅಡುಗೆಮನೆಗೆ ಬಂದು ನನ್ನ ತೋಳು ಹಿಡಿದಳು. "ಕೇಳಿಸ್ತೇನ್ರೀ? ಮಾವಿಂದು ಅಂದ್ಲು. ನಾನು ಹೇಳಿರಲಿಲ್ಲ. ನೀವು ಹೇಳಿದ್ರಾ?"

ನಾನೂ ಹೇಳಿರಲಿಲ್ಲ. ಮೂರು ತಿಂಗಳಿಂದ ಏನೂ ಗೊತ್ತಾಗದ ಮೂಗು ಮರದ ಜಾತಿ ಹೇಳಿತ್ತು.

ಆ ಭಾನುವಾರವೇ ಸೊಕ್ಕೆಗೆ ಬಸ್ಸು ಹತ್ತಿದೆ. ಹೆಂಡತಿಯ ತಮ್ಮ ಹಿತ್ತಲ ಬಣವೆಯಿಂದ ಕುಳ್ಳು ಎಳೆದು ಕೊಟ್ಟ. ನಾನು ಒಂದೊಂದನ್ನೂ ತಿರುಗಿಸಿ ನೋಡಿದೆ, ಮುರಿದು ನೋಡಿದೆ.

"ಭಾವ, ಅದರಾಗೆ ಏನ್ ಹುಡುಕ್ತೀರಿ?"

"ಪ್ಲಾಸ್ಟಿಕ್ಕು. ದನ ಈಗ ಏನ್ ಬೇಕಾದ್ರೂ ತಿಂತಾವೆ."

"ನಮ್ಮ ದನ ನಿಮಗಿಂತ ನೋಡಿ ತಿಂತಾವೆ ಬಿಡ್ರಿ," ಅಂದ. ಆಮೇಲೆ ಚೀಲದ ಬಾಯಿ ಕಟ್ಟುತ್ತಾ, ನನ್ನ ಮುಖ ನೋಡದೆ ಕೇಳಿದ, "ಅವ್ವ ಉಣ್ತಾಳಾ?"

"ನೋಡಬೇಕು," ಅಂದೆ.

ಅವನು ಇನ್ನೂ ನಾಲ್ಕು ಕುಳ್ಳು ತುರುಕಿದ. ಜೊತೆಗೆ ಎರಡು ಸೇರು ನವಣೆ ಅಕ್ಕಿ. ಬಟ್ಟೆ ಅಂಗಡಿಯ ಚೀಲದಲ್ಲಿ ಕುಳ್ಳು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಪಕ್ಕದ ಸೀಟಿನವರು ಎರಡು ಸಲ ಚೀಲ ನೋಡಿ, ಮೂರನೇ ಸಲ ನನ್ನನ್ನು ನೋಡಿ, ಕಿಟಕಿ ಪೂರ್ತಿ ಸರಿಸಿದರು.

ಪೆಟ್ಟಿಗೆಯ ಪುಸ್ತಿಕೆಯಲ್ಲಿ ಸೇಬಿನ ಮರ, ಚೆರ್ರಿ ಮರ, ಓಕ್ ಮರ ಎಂದೆಲ್ಲ ಪಟ್ಟಿ ಇತ್ತು. ಸಗಣಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಕೂಡದು ಎಂದೂ ಇರಲಿಲ್ಲ, ಬಹುಶಃ ಯಾರಿಗೂ ಹೊಳೆದಿರಲಿಕ್ಕಿಲ್ಲ. ವಾರಂಟಿ ಹೋಗಬಹುದೆಂದು ಒಂದು ದಿನ ಯೋಚಿಸಿದೆ. ಕುಳ್ಳು ಹೊತ್ತಿಕೊಂಡುಬಿಟ್ಟರೆ ಎಂದು ಇನ್ನೊಂದು ದಿನ. ಮೂರನೇ ದಿನ ಹೆಂಡತಿ ಮತ್ತೆ ಹೊಲಿಗೆ ಡಬ್ಬಿ ತೆಗೆದಳು. ನಾನೆದ್ದು ಕುಳ್ಳನ್ನು ಹೆಬ್ಬೆರಳಿನಷ್ಟು ಚೂರು ಮಾಡಿ ತಟ್ಟೆಗೆ ಹಾಕಿದೆ.

ಹಾಲು ಅಳೆಯುವಾಗ ಮಾತ್ರ ಕೈ ತಡೆಯಿತು. ಹಿಂದಿನ ಸಲದ ಮೊಸರನ್ನು ನಾವಿಬ್ಬರೂ ಎರಡು ದಿನ ತಿಂದು ಮುಗಿಸಿದ್ದೆವು. ಇದೂ ಕೆಟ್ಟರೆ ಯಾಕೆ ಸುಮ್ಮನೆ ಎಂದು ಅರ್ಧ ಲೋಟ ಮಾತ್ರ ಹಾಕಿದೆ. ಪರೀಕ್ಷೆಗೆ ಅಷ್ಟು ಸಾಕು. ಲ್ಯಾಬಿನಲ್ಲಿ ನಾವು ಹಾಗೇ ಮಾಡುವುದು. ಎರಡು ಗಂಟೆ ಸ್ಟೂಲ್ ಹಾಕಿಕೊಂಡು ಪೆಟ್ಟಿಗೆಯನ್ನೇ ನೋಡುತ್ತಾ ಕೂತೆ. ಶಾಕ್ ಹೊಡೆಯಲಿಲ್ಲ. ಬಾಗಿಲು ಸಿಡಿಯಲಿಲ್ಲ. ಹಾಲು ಒಡೆಯಲಿಲ್ಲ, ಸಣ್ಣಗೆ ಕೆಂಪಾಗಿ ಕೆನೆ ಕಟ್ಟಿತು.

ಮರುದಿನ ಮಧ್ಯಾಹ್ನ ಹೆಂಡತಿ ನವಣೆ ಅನ್ನಕ್ಕೆ ಆ ಮೊಸರು ಕಲಸಿ, ಉಪ್ಪು ಹಾಕಿ, ಅವ್ವನ ಮುಂದಿಟ್ಟಳು. ಅತ್ತೆ ತಟ್ಟೆಯನ್ನು ಮೊದಲು ಮೂಗಿನ ಹತ್ತಿರ ಹಿಡಿದರು. ಸುಮಾರು ಹೊತ್ತು ಹಾಗೇ ಹಿಡಿದಿದ್ದರು. ಒಂದು ತುತ್ತು ತಿಂದರು. ನಾನು ಬಾಗಿಲ ಸಂದಿಯಲ್ಲಿ ನಿಂತು ತಟ್ಟೆ ಸರಿಯುವುದನ್ನು ಕಾಯುತ್ತಿದ್ದೆ.

ತಟ್ಟೆ ಸರಿಯಲಿಲ್ಲ. ಎರಡನೇ ತುತ್ತು, ಮೂರನೆಯದು. ಕೊನೆಗೆ ಬೆರಳಿನಿಂದ ತಟ್ಟೆಯ ಅಂಚು ಸವರಿ ನೆಕ್ಕಿದರು. ಆಮೇಲೆ ಖಾಲಿ ತಟ್ಟೆಯನ್ನು ಮಗಳ ಮುಂದೆ ಚಾಚಿದರು.

"ಇನ್ನೊಂದ್ ಸೌಟು ಹಾಕು."

ಹೆಂಡತಿ ನನ್ನ ಕಡೆ ತಿರುಗಿದಳು. ನಾನು ಪಾತ್ರೆಯ ಕಡೆ ನೋಡಿದೆ. ತಳದಲ್ಲಿ ಮೊಸರಿನ ಒಂದು ಗೆರೆ ಉಳಿದಿತ್ತು. ಇನ್ನಷ್ಟು ಬೇಕೆಂದರೆ ಹಾಲು, ಹೊಗೆ, ಹೆಪ್ಪು, ನಾಳೆ ಬೆಳಗ್ಗೆ. ಫ್ರಿಜ್ಜಿನ ಮೇಲಿನ ಹಾಳೆಯನ್ನು ಮೇಲಿಂದ ಕೆಳಗೆ ನೆನಪಿಸಿಕೊಂಡೆ. ಸಾಲದೆ ಹೋಗಬಹುದು ಎಂಬುದು ಎಲ್ಲೂ ಇರಲಿಲ್ಲ.

ಅತ್ತೆ ತಟ್ಟೆ ಕೆಳಗಿಡದೆ ಪಾತ್ರೆಯೊಳಕ್ಕೆ ಬಗ್ಗಿ ನೋಡಿದರು.

"ಅಷ್ಟೆತ್ತರದ ಪೆಟ್ಟಿಗಿ ತಂದು," ಅಂದರು, "ಬೆಕ್ಕು ನೆಕ್ಕೋವಷ್ಟು ಮಾಡ್ಯಾರಲ್ಲೇ, ನಿನ್ನ ಗಂಡ."