ಹುಣಸಿಹಣ್ಣು ಮುಟ್ಟದ ದುಡ್ಡು

ಹುಣಸಿಹಣ್ಣಿನ ರಸ ತಾಮ್ರಕ್ಕ ತಾಕಿದಾಗ ಒಂದು ಹುಳಿ ವಾಸನಿ ಏಳತೈತೆಲ್ಲ, ಅದು ಮೂಗಿಗೆ ಬಡದ್ರ ಸಾಕು, ರೋಣದಾಗ ಹೊಲಿಗಿ ಮಶಿನ್ ಮುಂದ ಕುಂತಾಕಿ ನಾನು ಗಜೇಂದ್ರಗಡದ ನಮ್ಮ ಹಳೇ ಮನಿ ಹಿತ್ತಲದಾಗ ಹೋಗಿ ನಿಂತಿರತೇನಿ. ದೀಪಾವಳಿ ಹಿಂದಿನ ದಿನ. ಕಲ್ಲಿನ ಮ್ಯಾಲ ಕೊಡ, ತಂಬಿಗಿ, ಆರತಿ ತಾಟು, ಅವುಗಳ ಜೋಡಿ ಲಕ್ಷ್ಮೀಪೂಜಾದ ತಾಮ್ರದ ದುಡ್ಡು. ನಮ್ಮ ಕಾಕಾನ ಹೆಂಡತಿ ಚಿಗವ್ವ ಸೀರಿ ನಿರಗಿ ಮ್ಯಾಲಕ್ಕ ಸಿಗಿಸಿಕೊಂಡು ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕೋದ ತಿಕ್ಕೋದು. ಒಳಗ ಮಗ್ಗ ಖಟಕ್ ಖಟಕ್ ಅಂತಿತ್ತು, ನೂಲಿಗೆ ಹಾಕಿದ ಗಂಜಿ ವಾಸನಿ ಪಡಸಾಲಿ ತುಂಬ. ಆ ಮನಿ ಈಗ ಇಲ್ಲ ಬಿಡ್ರಿ. ಪಾಲಾತು, ಮಾರಿದ್ರು, ಕೆಡವಿದ್ರು. ಮಗ್ಗದ ಕುಣಿ ಇದ್ದಲ್ಲೇ ಈಗ ಮೊಬೈಲ್ ಅಂಗಡಿ ಐತಿ. ನಿಮ್ಮ ಮನಿನೂ ಹಿಂಗ ಹೋಗಿರಬೇಕು, ಅದಕ್ಕ ನಿಮ್ಮ ಮುಂದ ಹೇಳಾಕತ್ತೇನಿ.

ಪ್ರತಿ ವರ್ಷಾ ತಿಕ್ಕಿ ತಿಕ್ಕಿ ಆ ದುಡ್ಡಿನ ಮ್ಯಾಲಿನ ರಾಜಾನ ಮೂಗು ಹೋತು, ಕಿವಿ ಹೋತು, ಕಡೀಕ ತಲೀನ ಹೋತು. ಹೊಳೀತಿದ್ದವು ಖರೇ, ಆದ್ರ ಯಾವ ಕಾಲದ್ದು, ಯಾರದು ಅಂತ ಗುರುತು ಸಿಗತಿರಲಿಲ್ಲ. ಒಂದ ಒಂದು ದುಡ್ಡು ಮಾತ್ರ ಆ ಕಲ್ಲಿನ ಮ್ಯಾಲ ಯಾವತ್ತೂ ಬರಲಿಲ್ಲ. ಅದು ನಮ್ಮ ಅಮ್ಮಂದು, ಅಂದ್ರ ಅಪ್ಪನ ಅವ್ವಂದು. ಲಗ್ನ ಆದ ಹೊಸದರಾಗ ಅಜ್ಜ ಆಕಿ ಕೈಯಾಗ ಇಟ್ಟಿದ್ದಂತ. ಅಜ್ಜ ಸಣ್ಣ ವಯಸ್ಸಿನ್ಯಾಗ ತೀರಿಕೊಂಡಿದ್ದ. “ಅತ್ತಿ, ಆ ಹೊಲಸ್ ದುಡ್ಡು ಇಲ್ಲೆ ಕೊಡ್ರಿ, ತಿಕ್ಕಿ ಕೊಡತೇನಿ,” ಅಂತ ಚಿಗವ್ವ ಪ್ರತಿ ಹಬ್ಬಕ್ಕೂ ಕೈ ಚಾಚತಿದ್ದಳು. “ಮೊದಲ ನಿನ್ನ ಮಾರಿ ತಿಕ್ಕೊಳವಾ,” ಅಂತಿದ್ದಳು ಅಮ್ಮ. ಆಕಿ ಬಾಯಿ ಅಂದ್ರ ಬಾಯಿ!

ಆ ದುಡ್ಡಿನ ಕಥಿ ನನಗೊಬ್ಬಾಕಿಗೆ ಗೊತ್ತೈತಿ ಅಂತ ತಿಳಕೊಂಡಿದ್ದೆ. ಮುಂಜಾನೆ ಜಳಕಾ ಆದ ಮ್ಯಾಲ ಅಮ್ಮ ಮಗ್ಗದ ಹಿಂದ ಕುಂತು, ಅರಿವಿ ಗಂಟು ಬಿಚ್ಚಿ ದುಡ್ಡು ತಗೀತಿದ್ದಳು. ಅದರ ಒಂದು ಮಗ್ಗಲಿಗೆ ಚೂರು ಮೇಣ ಸವರಿ, ಮ್ಯಾಲ ಬೆರಳಿಲೆ ದುಂಡಗ ಕುಂಕುಮ ಹಚ್ಚಾಕಿ. ಹಳೇ ಕಾಲದ ಹೆಣ್ಮಕ್ಕಳು ಹಣಿಮ್ಯಾಲ ಹ್ಯಾಂಗ ಹಚ್ಚಿಕೋತಿದ್ರೋ ಹಂಗ, ಚೂರೂ ಸೊಟ್ಟ ಆಗದಂಗ. ಆಮ್ಯಾಲ ಅದನ್ನ ನೋಡಿಕೋತ ಕುಂದರತಿದ್ದಳು. ಒಮ್ಮಿ ನಾ ಕೇಳೇಬಿಟ್ಟೆ, ಇದ್ಯಾಕ ಅಮ್ಮಾ ಅಂತ. “ಹಣಿಮ್ಯಾಲ ಬ್ಯಾಡ ಅಂದಾರ. ದುಡ್ಡಿನ ಮ್ಯಾಲ ಬ್ಯಾಡ ಅಂದಾರೇನು?” ಅಂದ್ಲು. ನಾ ನಕ್ಕೆ, ಆಕಿನೂ ನಕ್ಕಳು. ಈಗ ನೆನಸಿದ್ರ ನಗು ಬರಾಂಗಿಲ್ಲ. ಆ ಮನಿ ಅಂದ್ರ ನನಗ ಜೀವ, ಆದ್ರ ಆ ಮನಿ ಮ್ಯಾಲ ಸಿಟ್ಟೂ ಐತಿ ನನಗ. ಎರಡೂ ಖರೇ.

ಅಮ್ಮ ಹೋದ ಮ್ಯಾಲ ದುಡ್ಡು ನನಗ ಬಂತು. ಮುಂದ ನನ್ನ ಗಂಡನೂ ತೀರಿಕೊಂಡ್ರು, ಹಿರ್ಯಾರು ಬಂದು ನನಗೂ ಅದ ಮಾತು ಹೇಳಿ ಹೋದ್ರು. ಆಗ ಜಗಳಾ ಮಾಡೋ ತ್ರಾಣ ನನ್ನ ಮೈಯಾಗ ಇರಲಿಲ್ಲ, ಹಣಿ ಬರಿದ ಉಳೀತು. ಮೊನ್ನೆ ನರಗುಂದದಿಂದ ಚಿಗವ್ವನ ಮಗ ಫೋನ್ ಮಾಡಿದ. ಹೊಸಾ ಮನಿ ಕಟ್ಟಸಾಕತ್ತಾನ. “ಅಕ್ಕಾ, ಬಾಗಿಲ ಚೌಕಟ್ಟಿನ ಪೂಜಾ ಐತಿ, ಹಿರ್ಯಾರ ದುಡ್ಡೆಲ್ಲಾ ತಾಟಿನ್ಯಾಗ ಇಡೋದು. ಅಮ್ಮಂದು ನಿನ್ ಕಡೆ ಐತೆಲ್ಲ, ಆಸಿಡ್‌ನ್ಯಾಗ ಅದ್ದಿ ತಗೊಂಡು ಬಾ, ಲಕಾಲಕಾ ಅಂತೈತಿ. ನಮ್ಮವೆಲ್ಲಾ ಹಂಗ ಮಾಡೇನಿ,” ಅಂತ ಫೋಟೋನೂ ಕಳಿಸಿದ. ನೋಡಿದೆ. ಚರ್ಮ ಸುಲದಂಗ ಗುಲಾಬಿ ಬಣ್ಣ, ಒಂದು ಅಕ್ಷರ ಇಲ್ಲ. “ನಿನ್ನವು ಸತ್ತಾವೋ ಮಾರಾಯಾ, ಇದನ್ನ ನಾ ಕೊಲ್ಲಾಂಗಿಲ್ಲ,” ಅಂದೆ.

ಹಂಗಂತ ಸುಮ್ಮನ ಬಿಡೋ ಹಂಗೂ ಇರಲಿಲ್ಲ. ಕುಂಕುಮದ ಮಗ್ಗಲು ಗಟ್ಟಿ ಇತ್ತು, ಇನ್ನೊಂದು ಮಗ್ಗಲಿಗೆ ಹಸರು ಕಿಲುಬು ಹತ್ತಿ ಪುಡಿ ಪುಡಿ ಉದರತಿತ್ತು. ಬಿಟ್ಟರ ಅದು ತಾಮ್ರನ ತಿಂತೈತಿ, ತೊಳದರ ಅಮ್ಮನ ಕುಂಕುಮ ಹೋಗತೈತಿ. ಮೊಬೈಲ್‌ನ್ಯಾಗ ನೋಡಿ, ಮೊದಲ ಬ್ಯಾರೆ ಹಳೇ ದುಡ್ಡಿನ ಮ್ಯಾಲ ಮಾಡಿ ಕಲ್ತೆ. ನೀರಿನ್ಯಾಗ ಮುಳುಗಸಲಿಲ್ಲ. ಮೆತ್ತನ ಅರಿವಿ ಮ್ಯಾಲ ಹಸರು ಮಗ್ಗಲು ಮ್ಯಾಲ ಮಾಡಿಟ್ಟು, ಸೂಜಿ ತುದೀಲೆ ಮಶಿನ್ ಎಣ್ಣಿ ಒಂದೊಂದ ಹನಿ, ಕಿಲುಬು ಇದ್ದಲ್ಲೆ ಮಾತ್ರ ಬಿಟ್ಟೆ. ಅದು ನೆನಿಯೋತನಕ ಕಾದು, ಜೋಳದ ದಂಟಿನ ಸೀಳಿನಿಂದ ಮೆಲ್ಲಕ ಎಬ್ಬಿಸೋದು, ಹತ್ತಿ ಅರಳೀಲೆ ಒತ್ತಿ ತಗಿಯೋದು, ತಿಕ್ಕೋ ಮಾತ ಇಲ್ಲ. ಕಬ್ಬಿಣ ಹತ್ರ ತರಲಿಲ್ಲ, ಸೂಜಿ ಸೈತ ಎಣ್ಣಿ ಬಿಡಾಕಷ್ಟ. ಗಿರಾಕಿಗಳ ಜಂಪರ್ ಎಲ್ಲಾ ತಡಾ ಆದವು, ಬೈಸಿಕೊಂಡೆ. ಆದ್ರ ಆಗಲಿ! ಹಸರು ಹೋಗಿ ಕೆಳಗ ಕಂದು ಬಣ್ಣ ಕಂಡಿತು, ಅದನ್ನ ಮುಟ್ಟಲಿಲ್ಲ. ಅದು ಹೊಲಸಲ್ಲ, ತಾಮ್ರ ಚಳಿಗೆ ಹೊದ್ದುಕೊಂಡ ಕೌದಿ. ಅದರಾಗ ಒಂದೊಂದ ಅಕ್ಷರ ಎದ್ದು ಬಂದವು, ನಾ ಒಬ್ಬಾಕಿನ ಕುಂತು ಅತ್ತೆ.

ಪೂಜಾ ದಿನ ನರಗುಂದಕ್ಕ ಹೋದೆ. ಚಿಗವ್ವನ ಮಗ, ನನ್ನ ತಮ್ಮ, ದುಡ್ಡು ತಿರುವಿ ನೋಡಿ, “ಇದೇನಕ್ಕಾ, ಒಂದು ಮಗ್ಗಲು ಕೆಂಪ ಉಳದೈತಿ, ತೊಳಿಯೋದಲ್ಲೇನು?” ಅಂತ ಮಾರಿ ಸಣ್ಣದು ಮಾಡಿದ. ಅವನ ಹಿಂದ ಕುರ್ಚಿ ಮ್ಯಾಲ ಚಿಗವ್ವ ಕುಂತಿದ್ದಳು. ಕಾಕಾ ಹೋದ ಮ್ಯಾಲ ಆಕಿ ಹಣಿನೂ ಬರಿದ. ದುಡ್ಡು ಇಸಗೊಂಡು, ಕೆಂಪಿನ ಮ್ಯಾಲ ಬೆರಳಾಡಿಸಿದಳು. “ಅತ್ತೀದು,” ಅಂದ್ಲು. “ನನಗ ಗೊತ್ತಿತ್ತವಾ. ಗೊತ್ತಿದ್ದೇ, ಆ ಕುಂಕುಮ ಹೋಗಲಿ ಅಂತ ತಿಕ್ಕತೇನಿ ಕೊಡ್ರಿ ಅಂತಿದ್ದೆ.”

ಅಷ್ಟರಾಗ ಕುಂಕುಮದ ತಾಟು ಹೆಣ್ಮಕ್ಕಳ ನಡುವ ಬಂತು. ಒಬ್ಬಾಕಿ ಹಿಡಕೊಂಡು ಬಂದಾಕಿ, ನಮ್ಮಿಬ್ಬರನ್ನ ದಾಟಿ ಮುಂದ ಹೊಂಟಳು. “ಏ, ಇಲ್ಲೆ ತಾ,” ಅಂದೆ. “ಅಕ್ಕಾರ, ಇದು ಮುತ್ತೈದೇರಿಗ್ರಿ...” ಅಂತ ಆಕಿ ತಡವರಿಸಿದಳು. ಯಾರಿಗೆ ಅಂತ ಕುಂಕುಮದ ಮ್ಯಾಲ ಬರದಿಲ್ಲ ಅಂದು, ತಾಟು ನಾನ ಇಸಗೊಂಡೆ. ಎಲ್ಲಾರೂ ನೋಡಾಕತ್ತಿದ್ರು, ನೋಡಲಿ. ನಡುಬೆರಳು ಅದ್ದಿ ಹಣಿಮ್ಯಾಲ ದುಂಡಗ ಹಚ್ಚಿಕೊಂಡೆ. ತಮ್ಮ ಏನೋ ಅನ್ನಾಕ ಬಾಯಿ ತೆರೆದ, ಚಿಗವ್ವ ಕೈ ಎತ್ತಿ ಅವನ್ನ ಸುಮ್ಮನಾಗಿಸಿದಳು. ಆಮ್ಯಾಲ ತಲಿ ಮ್ಯಾಲಿನ ಸೆರಗು ಹಿಂದಕ್ಕ ಸರಿಸಿ, ಕಣ್ಣು ಮುಚ್ಚಿ, ನನ್ನ ಮುಂದ ಹಣಿ ಚಾಚಿದಳು.