ಬುಡದ ವಾಲ್ವು ಹೊಸದೇ ಆಗಿತ್ತು

ನಂಜೀ, ಅವತ್ತು ಬಾವಿಯ ಹತ್ತಿರ ನಾನು ನಿನಗೆ ಹೇಳಿದ್ದು ಸುಳ್ಳು. ಪಂಪಿನ ಬುಡದಲ್ಲಿದ್ದ ಹಿತ್ತಾಳೆ ವಾಲ್ವು ಹಳೆಯದಲ್ಲ — ಹೊಸದು. ನಿನ್ನ ಗಂಡ ಸುಬ್ಬಾಚಾರಿ ಹೊಸದನ್ನೇ ಹಾಕಿದ್ದ. ನನಗೆ ಗೊತ್ತಿಲ್ಲದೆ ಹೇಳಿದ ಮಾತಲ್ಲ ಅದು. ಕಣ್ಣಾರೆ ನೋಡಿ, ಕೈಯಲ್ಲಿ ಹಿಡಿದು, ಆಮೇಲೆ ಹೇಳಿದ ಸುಳ್ಳು.

ನಿನಗೆ ಓದಲು ಬರುವುದಿಲ್ಲ, ಗೊತ್ತು. ಇದನ್ನು ಬರೆದಿಟ್ಟುಕೊಳ್ಳುತ್ತಿರುವುದು ನನಗೋಸ್ಕರ. ನಿನ್ನ ಎದುರು ನಿಂತಾಗ ನನ್ನ ನಾಲಿಗೆ ಹೊರಳಬಾರದು. ಈ ನಾಲಿಗೆ ಎಂಥದ್ದು ಅಂತ ಸೂಳಗಿರಿಗೆಲ್ಲ ಗೊತ್ತು. ಅರ್ಧ ತಪ್ಪು ಒಪ್ಪಿಕೊಂಡು ಇನ್ನರ್ಧವನ್ನು ಸತ್ತವನ ತಲೆಗೇ ಕಟ್ಟಿ ಬಂದರೂ ಬಂದೆ. ಹಾಗಾಗಬಾರದು ಅಂತ ಬರೆಯುತ್ತಿದ್ದೇನೆ.

ಆ ಯುದ್ಧದ ಕಾಲ ನಿನಗೂ ನೆನಪಿರಬೇಕು. ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಕೆಮ್ಮುತ್ತಾ ಬಂದು ದಾರಿಯಲ್ಲೇ ನಿಂತುಬಿಡುತ್ತಿದ್ದವು. ಹೊಸೂರಿಗೂ ಕೃಷ್ಣಗಿರಿಗೂ ಸಾಮಾನು ಸಾಗಿಸಲು ಎತ್ತಿನ ಗಾಡಿಗಳೇ ಗತಿ. ಆ ಗಾಡಿಯವರೆಲ್ಲ ನಿಲ್ಲುತ್ತಿದ್ದದ್ದು ನನ್ನ ಮುದ್ದೆ ಹೋಟೆಲಿನ ಮುಂದೆ. ಮುದ್ದೆ ಚೆನ್ನಾಗಿತ್ತು ಅಂತ ನಾನೇ ಹೇಳಿಕೊಳ್ಳಬೇಕು, ಆದರೆ ಅವರು ನಿಂತದ್ದು ಮುದ್ದೆಗಲ್ಲ, ಪಂಪಿಗೆ. ಹಗ್ಗ ಇಳಿಬಿಟ್ಟು ಸೇದುವ ಕಷ್ಟವಿಲ್ಲ. ಹಿಡಿ ಹಿಡಿದು ಒತ್ತಿದರೆ ಮನುಷ್ಯರಿಗೂ ಎತ್ತುಗಳಿಗೂ ಸಾಕಾಗುವಷ್ಟು ನೀರು. ಗಂಡ ಸತ್ತ ಮೇಲೆ ಅವನ ಬೆಳ್ಳಿ ಕಡಗ, ನನ್ನ ಸರ ಎರಡನ್ನೂ ಮಾರಿ ಬಾವಿಗೆ ಹಾಕಿಸಿದ ಪಂಪು ಅದು. ಗಂಡು ದಿಕ್ಕಿಲ್ಲದ ಹೆಂಗಸು ಆ ರಸ್ತೆಯಲ್ಲಿ ತಲೆಯೆತ್ತಿ ಬಾಳಿದ್ದು ಅದರ ಹಿಡಿಯನ್ನು ಹಿಡಿದುಕೊಂಡು.

ಅದು ಕೆಟ್ಟಾಗ ನಿನ್ನ ಗಂಡನನ್ನು ಕರೆದೆ. ಪೈಪಿನ ಕಂಪನಿ ಅಂತ ದೊಡ್ಡ ಬೋರ್ಡು ಬರೆಸಿದ್ದ. ಒಳಗೆ ನೋಡಿದರೆ ಒಂದು ತಗಡಿನ ಶೆಡ್ಡು, ನಾಲ್ಕು ಪಾನಾ, ಅವನೊಬ್ಬ. ಪೈಪು ಎತ್ತಿದ, ರಿಪೇರಿ ಮಾಡಿದ, ಬಿಲ್ಲು ಕೊಟ್ಟ. ಅದರಲ್ಲಿ ಬುಡದ ವಾಲ್ವಿಗೆ ಹಾಕಿದ್ದ ದುಡ್ಡು ನೋಡಿ ನನ್ನ ಕಣ್ಣಿಗೆ ಕತ್ತಲೆ ಬಂತು. ಏರಿದ ನೀರು ಮತ್ತೆ ಬಾವಿಗೆ ಇಳಿಯದ ಹಾಗೆ ತಡೆಯುವ ಮುಚ್ಚಳ, ಒಂದು ಹಿಡಿಯಷ್ಟು ಹಿತ್ತಾಳೆ. ಯುದ್ಧಕ್ಕೆ ಹಿತ್ತಾಳೆಯೆಲ್ಲ ಹೋಗ್ತದೆ, ಸಿಕ್ಕೋದೇ ಕಷ್ಟ, ಅದಕ್ಕೇ ಈ ರೇಟು ಅಂದ. ಅರ್ಧ ಕೊಟ್ಟೆ, ಅರ್ಧ ಆಮೇಲೆ ಅಂದೆ.

ಹದಿನೈದು ದಿನವೂ ಆಗಿರಲಿಲ್ಲ, ನೀರು ಸಣ್ಣಗಾಯಿತು. ಬುಸ್ ಬುಸ್ ಅಂತ ಗಾಳಿ, ಹನಿ ಹನಿ ನೀರು. ನನಗೆ ಆಗಲೇ ಖಾತ್ರಿಯಾಗಿಹೋಯಿತು — ಈ ಮನುಷ್ಯ ಹಳೆಯ ವಾಲ್ವನ್ನೇ ಹುಣಸೆಹಣ್ಣಿನಲ್ಲಿ ತಿಕ್ಕಿ ಹಾಕಿ, ಹೊಸದರ ದುಡ್ಡು ಬರೆದಿದ್ದಾನೆ. ಬಾಕಿ ಕೇಳಲು ಬಂದಾಗ ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಅವನು ಪಂಪಿನ ಕಡೆ ನೋಡಿದ. ಗಾಡಿಯವರು ಪೈಪಿಗೇ ಎತ್ತುಗಳನ್ನು ಕಟ್ಟಿದ್ದರು.

"ಎತ್ತು ಕಟ್ಟುಸ್ಬ್ಯಾಡ ಅಂತ ಅವತ್ತೇ ಯೋಳಿದ್ನಲ್ಲ ಓಟ್ಲಕ್ಕಾ. ಜಗ್ಗಿ ಜಗ್ಗಿ ಜಾಯಿಂಟು ಬುಟ್ಕೊಂಡಿರ್ತದೆ. ಗಾಳಿ ಎಳೀತಾ ಅದೆ. ಪೈಪು ಎತ್ತಿ ತೋರುಸ್ತೀನಿ ಬೇಕಾದ್ರೆ, ಕೂಲಿನೂ ಬ್ಯಾಡ."

"ಎತ್ತೋವಾಗ್ಲೇ ಒಳಗಿಂದು ಬದಲಾಯಿಸ್ಬುಡೋಕಾ?" ಅಂದೆ.

ಅವನಿಗೂ ಸಿಟ್ಟು ಬಂತು. ಕಳ್ಳ ಅಂದರೆ ಯಾರಿಗೆ ಬರುವುದಿಲ್ಲ! ಪಾನಾ ತೆಗೆದು, ಗಾಡಿಯವರೆಲ್ಲ ಉಣ್ಣುವುದನ್ನು ನಿಲ್ಲಿಸಿ ನೋಡುತ್ತಿರುವಾಗಲೇ, ಪಂಪಿನ ಹಿಡಿಯನ್ನು ಬಿಚ್ಚಿ ಹೆಗಲ ಮೇಲೆ ಇಟ್ಟುಕೊಂಡ. "ದುಡ್ ಕೊಡೋಕಾಗ್ದೋಳ್ಗೆ ಪಂಪ್ಯಾಕೆ? ಹಗ್ಗ ಬಿಂದಿಗೆ ಸಾಕಾಗಿಲ್ವಾ?" ಅಂದು ಹೊರಟುಹೋದ.

ನಂಜೀ, ಆ ಮಾತು... ಗಾಡಿಯವರಲ್ಲಿ ಒಬ್ಬ ನಕ್ಕ. ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಮೊಂಡಾದ ಪಂಪು ರಸ್ತೆಗೆ ಕಾಣುವ ಹಾಗೆ ನಿಂತಿತು. ಪಂಪು ಕೂರಿಸುವಾಗಲೇ ಬಾವಿಯ ಬಾಯಿ ಮುಚ್ಚಿಸಿದ್ದೆ. ನಾನು ಕೊಡ ಹಿಡಿದುಕೊಂಡು, ನನ್ನ ಪಂಪಿನಲ್ಲಿ ನೀರು ತುಂಬಿಕೊಳ್ಳುತ್ತಿದ್ದವರ ಮನೆ ಬಾಗಿಲಿಗೆ ನೀರಿಗೆ ಹೋದೆ. ಗಾಡಿಗಳು ಮುಂದಿನ ಹೋಟೆಲಿಗೆ ಹೋದವು. ಇವನ ಮನೆ ಹಾಳಾಗಲಿ, ಇವನು ಊರ ಮುಂದೆ ತಲೆ ತಗ್ಗಿಸುವುದನ್ನು ನೋಡದೆ ನಾನು ಸಾಯುವುದಿಲ್ಲ ಅಂತ ಒಲೆಯ ಮುಂದೆ ಕುಳಿತು ಅಂದುಕೊಂಡೆ. ಸುಮ್ಮನೆ ಅಂದುಕೊಂಡದ್ದಲ್ಲ, ದಾರಿ ಹುಡುಕಿದೆ.

ದಾರಿ ಕೊಟ್ಟವಳು ನೀನೇ. ಪಾಪ, ನಿನಗೆ ಅದು ಗೊತ್ತೂ ಇಲ್ಲ. ಇದೆಲ್ಲಕ್ಕೂ ಸ್ವಲ್ಪ ಮುಂಚೆ ನೀನು ನನ್ನ ಅಡುಗೆ ಮನೆಗೆ ಬಂದು ಹುಣಸೆಹಣ್ಣು ಕೇಳಿದ್ದೆ. ನಿನ್ನ ಮುಖ ನೋಡಿಯೇ ನನಗೆ ತಿಳಿಯಿತು, ನೀನು ಬಸುರಿ ಅಂತ. "ಮೊದ್ಲುವು ಎಲ್ಡೂ ನಿಲ್ನಿಲ್ಲ ಅಕ್ಕಾ. ಇದಾದ್ರೂ ನಿಲ್ಲೋ ಗಂಟ ಯಾರ್ಗೂ ಯೋಳ್ಬ್ಯಾಡ. ಅವುರ್ಗೂ ಬಾಯ್ಬುಡ್ಬ್ಯಾಡ ಅಂತ ಯೋಳಿವ್ನಿ," ಅಂದೆ. ನಿನ್ನ ತಲೆ ಸವರಿ ಕಳುಹಿಸಿದ್ದೆ.

ಬಸುರಿಯ ಗಂಡ ಸತ್ಯ ಮಾಡಬಾರದು, ದೇವರ ಮುಂದೆ ಆಣೆಯಿಟ್ಟು ಉರಿಯುವ ಕರ್ಪೂರ ಆರಿಸಬಾರದು. ನಮ್ಮ ಕಡೆ ಇದು ಸಣ್ಣ ಮಕ್ಕಳಿಗೂ ಗೊತ್ತು. ಮಾತು ನಿಜವೋ ಸುಳ್ಳೋ, ಹೊಟ್ಟೆಯಲ್ಲಿರುವುದಕ್ಕೆ ತಟ್ಟುತ್ತದೆ ಅನ್ನುತ್ತಾರೆ. ಗೊತ್ತಿದ್ದೇ ನಾನು ಊರ ಹಿರಿಯರನ್ನು ಕರೆದೆ. ಬಿಲ್ಲಿನ ಜಗಳ ಮಾರಮ್ಮನ ಗುಡಿಯಲ್ಲಿ ತೀರಲಿ, ಆಚಾರಿ ಕರ್ಪೂರ ಆರಿಸಿ ಹೊಸ ವಾಲ್ವು ಹಾಕಿದೆ ಅನ್ನಲಿ, ಅಲ್ಲೇ ಬಾಕಿ ಎಣಿಸುತ್ತೇನೆ ಅಂದೆ. ಅವನು ಆರಿಸುವುದಿಲ್ಲ, ಯಾಕೆ ಅಂತ ಹೇಳುವುದೂ ಇಲ್ಲ — ಎರಡೂ ನನಗೆ ಗೊತ್ತಿತ್ತು. ಊರೆಲ್ಲ ಕಳ್ಳ ಅನ್ನಬೇಕು, ಅವನು ಬಾಯಿ ಮುಚ್ಚಿಕೊಂಡು ನಿಂತಿರಬೇಕು. ಅಷ್ಟೇ ನಾನು ಬಯಸಿದ್ದು. ಅಷ್ಟೇ ಅಂದರೆ... ಅದೇನು ಸಣ್ಣದೇ?

ವೀಳ್ಯದೆಲೆಯ ಮೇಲೆ ಕರ್ಪೂರ ಹತ್ತಿತು. ಅವನು ಕೈ ಚಾಚಲಿಲ್ಲ. ಪೈಪು ಎತ್ತಿಸಿ ನೋಡಿ ಅಂತ ಹಿರಿಯರಿಗೆ ಇನ್ನೊಂದು ಸಲ ಹೇಳಿದ. ಯಾರೂ ಕೇಳಲಿಲ್ಲ. ಹೆಂಗಸರ ಗುಂಪಿನಲ್ಲಿ ನೀನು ನಿಂತಿದ್ದೆ. ಅವನು ನಿನ್ನನ್ನು ನೋಡಿದ. ನೀನು ನನ್ನನ್ನು ನೋಡಿದೆ. ಅಕ್ಕಾ, ನಿಲ್ಲಿಸು ಅಂತ ಬಾಯಲ್ಲಿ ಹೇಳಿದ್ದರೂ ಅಷ್ಟು ಚೆನ್ನಾಗಿ ಕೇಳಿಸುತ್ತಿರಲಿಲ್ಲ. ನಾನು ಮುಖ ತಿರುಗಿಸಿಕೊಂಡು ಅವನಿಗೆ ಅಂದೆ:

"ಯಾಕಪ್ಪಾ ಆಚಾರೀ, ಕೈ ನಡುಗ್ತದಾ? ದಿಟ ಇರೋನ್ಗೆ ಭಯ ಯಾಕೆ?"

ಗುಂಪಿನಲ್ಲಿ ನಗು ಎದ್ದಿತು. ಅವನು ಅಂಗೈಯಿಂದ ಬಡಿದು ಕರ್ಪೂರ ಆರಿಸಿಬಿಟ್ಟ.

ನನ್ನ ಲೆಕ್ಕ ತಪ್ಪಿತು. ಈಗ ಬಾಕಿ ಕೊಡಲೇಬೇಕು. ಕೊಟ್ಟೆ, ಅವನ ಕಾಲ ಹತ್ತಿರ ಮಣ್ಣಿಗೆ ಎಸೆದೆ. ಬಗ್ಗಿ ಒಂದೊಂದೇ ಆರಿಸಿಕೊಂಡ. ಸಂಜೆ ತಾನೇ ಬಂದು ಹಿಡಿ ಕೂಡಿಸಿದ, ಎತ್ತು ಕಟ್ಟುಸ್ಬ್ಯಾಡ ಅಂತ ಮತ್ತೆ ಹೇಳಿ ಹೋದ. ಮಾರನೆಯ ದಿನ ನಾನೇ ನಿಂತು ಎತ್ತು ಕಟ್ಟಿಸಿದೆ.

ಅಮಾವಾಸ್ಯೆ ಬರುವಷ್ಟರಲ್ಲಿ ನಿನ್ನದು ಹೋಯಿತು. ಆಗ ಎಲ್ಲರಿಗೂ ತಿಳಿಯಿತು, ನೀನು ಬಸುರಿಯಾಗಿದ್ದೆ ಅಂತ. ಸುಳ್ಳು ಸತ್ಯ ಮಾಡಿದರೆ ಅಮ್ಮ ಸುಮ್ಮನೆ ಬಿಡುತ್ತಾಳಾ, ಆಚಾರಿಯ ಬಾಯಿಯೇ ಕೂಸನ್ನು ತಿಂದಿತು ಅಂತ ಊರು ಮಾತಾಡಿತು. ಮುದ್ದೆ ಬಡಿಸುತ್ತಾ ನಾನೂ ಅಂದೆ. ಮೊದಲಿನವು ಎರಡು ಹೋದಾಗ ಅವನು ಯಾವ ಸತ್ಯ ಮಾಡಿದ್ದ ಅಂತ ಒಬ್ಬರೂ ಕೇಳಲಿಲ್ಲ. ನನ್ನ ಹೊಟ್ಟೆ ತಣ್ಣಗಾಯಿತು, ನಂಜೀ. ನಿನ್ನ ಹೊಟ್ಟೆ ಬರಿದಾದ ವಾರದಲ್ಲಿ ನನ್ನ ಹೊಟ್ಟೆ ತಣ್ಣಗಾಯಿತು. ಅವತ್ತು ಚೆನ್ನಾಗಿ ಉಂಡೆ.

ಬೇಸಗೆಗೆ ಪಂಪು ಪೂರ್ತಿ ನಿಂತಿತು. ಕೃಷ್ಣಗಿರಿ ಕಡೆಯಿಂದ ಒಬ್ಬ ತಮಿಳಿನ ರಿಪೇರಿಯವನನ್ನು ಕರೆಸಿದೆ. ಪೈಪು ಎತ್ತಿದ. ಜಾಯಿಂಟಿನ ಹತ್ತಿರ ಬೆರಳು ಇಟ್ಟು, ಇಲ್ಲಿ ಸಡಿಲವಾಗಿದೆ, ಎತ್ತು ಕಟ್ಟಿದ್ದೇ ತಪ್ಪು ಅಂದ. ಕೊನೆಗೆ ಬುಡದ ವಾಲ್ವು ಬಿಚ್ಚಿ ನನ್ನ ಕೈಗೆ ಕೊಟ್ಟು, "ಇದು ಪುದುಸು ಅಮ್ಮಾ, ಹೊಸ್ದು. ಇದ್ಕೇನೂ ಆಗಿಲ್ಲ," ಅಂದ. ಅದರ ಮೇಲೆ ಸಣ್ಣ ತ್ರಿಶೂಲದ ಗುರುತು ಒತ್ತಿತ್ತು. ನಿನ್ನ ಗಂಡ ತಾನು ಮಾಡಿದ, ಹಾಕಿದ ಪ್ರತಿಯೊಂದು ಹೊಸ ಸಾಮಾನಿಗೂ ಒತ್ತುತ್ತಿದ್ದ ಗುರುತು — ಅವನು ಮಾಡಿಕೊಟ್ಟ ನಿನ್ನ ಕುಂಕುಮದ ಭರಣಿಯ ಅಡಿಯಲ್ಲಿ ಇದೆಯಲ್ಲ, ಅದೇ. ಹಳೆಯದರಲ್ಲಿ ಅಂಥದ್ದೇನೂ ಇರಲಿಲ್ಲ. ಅವನನ್ನು ಉಣ್ಣಲು ಒಳಗೆ ಕಳುಹಿಸಿ ನಾನು ಅಲ್ಲೇ ಕುಳಿತೆ.

ಅಷ್ಟರಲ್ಲಿ ನೀನು ರಸ್ತೆ ದಾಟಿ ಬಂದೆ. ತಲೆಗೆ ಬಟ್ಟೆ ಕಟ್ಟಿಕೊಂಡಿದ್ದೆ, ಮೈಯಲ್ಲಿ ರಕ್ತವೇ ಇರಲಿಲ್ಲ. ನಿನ್ನನ್ನು ಕಂಡೊಡನೆ ವಾಲ್ವನ್ನು ಎಂಜಲು ತಟ್ಟೆ ತೊಳೆಯುವ ಬಾನಿಯೊಳಗೆ ಜಾರಿಸಿದೆ. ನೀನು ಹತ್ತಿರ ಬಂದು ಮೆಲ್ಲಗೆ ಕೇಳಿದೆ:

"ಪೈಪು ಎತ್ತುಸ್ದಂತಲ್ಲ ಅಕ್ಕಾ. ಹೊಸ್ದೇ ಹಾಕಿವ್ನಿ ಅಂತ ಅವ್ರು ನನ್ ತಲೆ ಮುಟ್ಟಿ ಯೋಳ್ತಾವ್ರೆ. ನಂಗ್ ನಂಬಿಕೆ ಬತ್ತಾ ಇಲ್ಲ. ನೀ ಒಂದ್ ಮಾತ್ ಯೋಳು. ನೀ ಯೋಳ್ದಂಗೆ."

ನೀ ಯೋಳ್ದಂಗೆ. ಒಂದು ಹೆಣ್ಣಿನ ಸಂಸಾರ ಪೂರ್ತಿ ನನ್ನ ಕೈಯಲ್ಲಿಟ್ಟೆ ನೀನು. ಹೊಸದು ಅಂದಿದ್ದರೆ ಊರ ಮುಂದೆ ನಾನು ಸುಳ್ಳಿಯಾಗುತ್ತಿದ್ದೆ, ನಿಜ. ಆದರೆ ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಅದಲ್ಲ. ಅವನು ಹಿಡಿಯನ್ನು ಹೆಗಲ ಮೇಲೆ ಇಟ್ಟುಕೊಂಡು ಹೋದ ಬೆನ್ನು ಕಾಣಿಸಿತು. ಹಗ್ಗ ಬಿಂದಿಗೆ ಅಂದದ್ದು ಕೇಳಿಸಿತು. ಇನ್ನೂ ಸಾಲದು ಅನ್ನಿಸಿತು.

"ಹಳೇದೇ ಕಣಮ್ಮ," ಅಂದೆ.

ನೀನು ಅಳಲಿಲ್ಲ. ತಲೆಯಾಡಿಸಿ ಹೋದೆ. ಮರುದಿನವೇ ತವರು ತೊರಪಲ್ಲಿಗೆ ಹೊರಟುಹೋದೆ. ನಾನು ಬಾನಿಯಿಂದ ವಾಲ್ವನ್ನು ತೆಗೆದು, ತೊಳೆದು, ಅದೇ ಪೈಪಿಗೆ ಹಾಕಿಸಿದೆ. ಆಮೇಲೆ ಎಷ್ಟೋ ವರ್ಷ ಅದು ಒಂದು ದಿನವೂ ಕೆಡಲಿಲ್ಲ. ನಾನು ಕುಡಿದದ್ದೂ, ಮುದ್ದೆ ಬೇಯಿಸಿದ್ದೂ ಅವನ ವಾಲ್ವು ಹಿಡಿದುಕೊಟ್ಟ ನೀರಿನಲ್ಲೇ.

ಅವನು ಒಂದು ಸಲ ಬಂದ. ಶೆಡ್ಡಿಗೆ ಬೀಗ ಹಾಕಿ, ಚಿನ್ನದ ಗಣಿಯಲ್ಲಿ ಪಂಪಿನ ಕೆಲಸ ಸಿಕ್ಕಿದೆ ಅಂತ ಹೊರಟಿದ್ದ. ಹೋಟೆಲಿನ ಬಾಗಿಲಲ್ಲಿ ನಿಂತು, "ಓಟ್ಲಕ್ಕಾ, ನೀ ನೋಡಿದ್ದೀಯ. ನಂಜಿಗೆ ಒಂದ್ ಮಾತ್ ಯೋಳಿ ಕಳ್ಸು. ನಂಗೇನೂ ಬ್ಯಾಡ," ಅಂದ. ಅವನ ಹತ್ತಿರ ಜಂಬ ಅನ್ನುವುದು ಒಂದು ಚೂರೂ ಉಳಿದಿರಲಿಲ್ಲ. ನಾನು ನೋಡಬೇಕು ಅಂದುಕೊಂಡಿದ್ದ ತಗ್ಗಿದ ತಲೆ ನನ್ನ ಬಾಗಿಲಿಗೇ ಬಂದಿತ್ತು. "ಮುದ್ದೆ ಬೇಕಾದ್ರೆ ಕೂತ್ಕೊ. ಮಾತು ಇಲ್ಲ," ಅಂದೆ. ಅವನು ಕೂರಲಿಲ್ಲ.

ಹೋದ ವಾರ ಸಂತೆಗೆ ಬಂದಿದ್ದ ನಿನ್ನ ತಮ್ಮ ಹೇಳಿದ — ಸುಬ್ಬಾಚಾರಿ ಗಣಿಯಲ್ಲೇ ತೀರಿಹೋದನಂತೆ. ನಿನ್ನನ್ನು ಕರೆಯಲು ಜನ ಬಂದರಂತೆ. "ಸುಳ್ ಸತ್ಯ ಮಾಡಿ ಕೂಸು ತಿಂದೋನ್ ಮೊಕ ನಾನ್ ನೋಡಲ್ಲ," ಅಂದು ನೀನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆಯಂತೆ. ಅವನ ಬಾಯಿಗೆ ನೀರು ಬಿಟ್ಟವರು ಯಾರೋ ಏನೋ, ನಿನ್ನ ತಮ್ಮನಿಗೂ ಗೊತ್ತಿಲ್ಲ. ನೀನು ಹಾಕಿಕೊಂಡ ಬಾಗಿಲಿಗೆ ಅಗುಳಿ ನನ್ನ ಮಾತು. ನಾನು ಹೇಳಿದ ಒಂದೇ ಮಾತು.

ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತಿಯಲ್ಲಿ ಬಾರದು ಅನ್ನುತ್ತಾರೆ. ನಾನು ಕೊಯ್ದದ್ದು ನನ್ನ ಮೂಗನ್ನಲ್ಲ. ಇನ್ನೊಂದು ಮಾತನ್ನೂ ಬರೆದೇಬಿಡುತ್ತೇನೆ, ಮುಚ್ಚಿಟ್ಟರೆ ಅದೂ ಸುಳ್ಳೇ. ಇಷ್ಟೆಲ್ಲ ಆದ ಮೇಲೂ, ಅವನು ಸತ್ತ ಮೇಲೂ, ಹಿಡಿ ಕಿತ್ತುಕೊಂಡು ಹೋದ ದಿನವನ್ನು ನೆನೆದರೆ ನಾನು ಹಲ್ಲು ಕಡಿಯುತ್ತೇನೆ. ಸೇಡು ತೀರುವುದಿಲ್ಲ ನಂಜೀ. ಎಷ್ಟು ಬಡಿಸಿದರೂ ಮತ್ತೆ ತಟ್ಟೆ ಒಡ್ಡುತ್ತದೆ. ಅದಕ್ಕೆ ಅವನನ್ನು ಕೊಟ್ಟೆ, ನಿನ್ನನ್ನೂ ಕೊಟ್ಟೆ.

ನಿನ್ನೆ ಪೈಪು ಎತ್ತಿಸಿದೆ. ವಾಲ್ವು ಈಗ ನನ್ನ ಮುಂದೆ ಇದೆ, ಕಪ್ಪಾಗಿದೆ, ತ್ರಿಶೂಲ ಮಾಸಿಲ್ಲ. ನಾಳೆ ಮಂಗಳವಾರ. ಮೊದಲು ಮಾರಮ್ಮನ ಗುಡಿಯ ಮುಂದೆ ಹಿರಿಯರನ್ನು ಕರೆದು, ನೀನು ಬಸುರಿ ಅಂತ ತಿಳಿದೇ ಸತ್ಯ ಮಾಡಿಸಿದ್ದನ್ನು ಹೇಳುತ್ತೇನೆ, ಈ ವಾಲ್ವನ್ನೂ ತೋರಿಸುತ್ತೇನೆ. ಕರ್ಪೂರ ಆರಿಸು ಅಂದರೆ ಆರಿಸುತ್ತೇನೆ. ಆಮೇಲೆ ತೊರಪಲ್ಲಿಗೆ ಬರುತ್ತೇನೆ. ನೀನು ಉಗಿದರೆ ಒರೆಸಿಕೊಳ್ಳುವುದಿಲ್ಲ. ಬಾಗಿಲು ತೆರೆಯದಿದ್ದರೆ ಇದನ್ನು ಹೊಸ್ತಿಲ ಮೇಲೆ ಇಟ್ಟು, ಕೇರಿಗೆಲ್ಲ ಕೇಳುವ ಹಾಗೆ ಹೇಳಿ ಬರುತ್ತೇನೆ. ನೀನು ಕುಂಕುಮದ ಭರಣಿಯನ್ನು ಎಸೆದಿಲ್ಲವಾದರೆ ಅದನ್ನು ತಿರುಗಿಸಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡು. ನಿನ್ನ ಗಂಡ ನಿನ್ನ ತಲೆ ಮುಟ್ಟಿ ಹೇಳಿದ್ದು ನಿಜ.